ಏಳೂವರೆಯೋ, ಆರೂವರೆಯೋ?

ಗ್ಲಾಸ್ಗೋಗೆ ಬಂದ ಮೊದಲ ವಾರ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ಸಿಕ್ಕಿ, ಶುಕ್ರವಾರ ಊಟಕ್ಕೆ ಬನ್ನಿ ಎಂದರು. ಎಷ್ಟು ಗಂಟೆಗೆ ಅಂತ ಕೇಳಿದೆ. 'ಹಾಫ್ ಸೆವೆನ್' ಎಂದರು. ನಾನು ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದೆ. ಏಳಕ್ಕೆ ಇನ್ನೂ ಅರ್ಧ ಬಾಕಿ, ಅಂದರೆ ಆರೂವರೆ. ಶುಕ್ರವಾರ ಆರೂವರೆಗೆ ಸರಿಯಾಗಿ ನಾನೂ ಗಂಡನೂ ಚಕ್ಕುಲಿ ಡಬ್ಬಿ ಹಿಡಿದು ಬಾಗಿಲು ತಟ್ಟಿದೆವು. ಅಜ್ಜಿ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದರು. ಏನೂ ಹೇಳದೆ ಒಳಗೆ ಕೂರಿಸಿ ಟೀ ಕೊಟ್ಟರು. ಅಡುಗೆಮನೆ ಕಟ್ಟೆಯ ಮೇಲೆ ಆಲೂಗಡ್ಡೆ ಇನ್ನೂ ಮಣ್ಣಿನ ಸಮೇತ ಇದ್ದವು.

ಅವರು ಹೇಳಿದ್ದು ಏಳೂವರೆ. 'ಹಾಫ್ ಪಾಸ್ಟ್ ಸೆವೆನ್' ಅನ್ನುವುದರಲ್ಲಿ ನಡುವಿನ 'ಪಾಸ್ಟ್' ನುಂಗಿಬಿಡುವುದು ಬ್ರಿಟನ್ನಿನಲ್ಲಿ ರೂಢಿ. ಜರ್ಮನ್ ಭಾಷೆಯಲ್ಲಿ ಇದೇ ಮಾತು, 'ಹಾಲ್ಪ್ ಜೀಬೆನ್', ಅಂದರೆ ಆರೂವರೆಯೇ. ಆಫೀಸಿನ ಜರ್ಮನ್ ಗೆಳತಿಗೆ ಈ ಕಥೆ ಹೇಳಿದಾಗ, ತಾನೂ ಮೊದಮೊದಲು ಹಾಗೇ ತಿಳಿದಿದ್ದೆ ಎಂದಳು. ಮನಸ್ಸು ಸ್ವಲ್ಪ ಹಗುರಾಯಿತು.

ಆಮೇಲೆ ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ. ಕನ್ನಡದಲ್ಲಿ ಹೊತ್ತಿನ ಸೂಕ್ಷ್ಮವೆಲ್ಲ ಪದದ ಬಾಲದಲ್ಲಿರುತ್ತದೆ. ಏಳಕ್ಕೆ, ಏಳರೊಳಗೆ, ಏಳರವರೆಗೆ, ಏಳರ ಹೊತ್ತಿಗೆ, ಏಳಾದ ಮೇಲೆ. ಮೊದಲು ಅಂಕಿ ಬರುತ್ತದೆ, ಆಮೇಲೆ ಅದರ ಸಂಗತಿ. ಇಂಗ್ಲಿಷಿನವರು ಹೆಚ್ಚಾಗಿ ಸಂಗತಿಯನ್ನು ಮುಂದೆ ಇಡುತ್ತಾರೆ: ಬೈ ಸೆವೆನ್, ಟಿಲ್ ಸೆವೆನ್, ಜಸ್ಟ್ ಗಾನ್ ಸೆವೆನ್, ಬ್ಯಾಂಗ್ ಆನ್ ಸೆವೆನ್. ನಮ್ಮ ಕಿವಿ ಬಾಲಕ್ಕೆ ಕಾಯುತ್ತಿರುತ್ತದೆ. ಅಷ್ಟರಲ್ಲಿ ಮುಂದಿನ ಪುಟ್ಟ ಪದ ಜಾರಿಹೋಗಿರುತ್ತದೆ, ಅಂಕಿ ಮಾತ್ರ ಕೈಗೆ ಸಿಗುತ್ತದೆ. ಶಾಲೆಯಲ್ಲಿ ಟೆನ್ಸ್‌ಗಳನ್ನು ಬಾಯಿಪಾಠ ಮಾಡಿಸಿದರು. ಇದನ್ನು ಯಾರೂ ಹೇಳಿಕೊಡಲಿಲ್ಲ.

ಮಗಳ ಹಲ್ಲಿನ ವಿಷಯದಲ್ಲೂ ಆಗಿದ್ದು ಅದೇ. ಒಂದು ಗುರುವಾರ ದಂತ ವೈದ್ಯರಲ್ಲಿಗೆ ಫೋನ್ ಮಾಡಿದೆ. ಆ ಕಡೆಯಿಂದ 'ಎ ವೀಕ್ ಆನ್ ಟ್ಯೂಸ್‌ಡೇ' ಎಂದರು. ನನಗೆ ಕೇಳಿಸಿದ್ದು ಟ್ಯೂಸ್‌ಡೇ ಮಾತ್ರ. ಮಂಗಳವಾರ ರಜೆ ಹಾಕಿ, ಮಗಳನ್ನು ಸ್ಕೂಲಿನಿಂದ ಬಿಡಿಸಿಕೊಂಡು, ಮಳೆಯಲ್ಲಿ ಎರಡು ಬಸ್ ಹಿಡಿದು ಹೋದೆ. ಕೌಂಟರಿನ ಹುಡುಗಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ನಮ್ಮ ಹೆಸರು ಮುಂದಿನ ವಾರದಲ್ಲಿರುವುದನ್ನು ಬೆರಳಿಟ್ಟು ತೋರಿಸಿದಳು. ಬರುವ ಮಂಗಳವಾರ ಅಲ್ಲ, ಅದರಾಚೆ ಮಂಗಳವಾರ. ಇದನ್ನೇ ಕೆಲವರು 'ಟ್ಯೂಸ್‌ಡೇ ವೀಕ್' ಎಂದೂ ಹೇಳುತ್ತಾರೆ. ಈಗ ಯಾರು ವಾರ ಹೇಳಿದರೂ ನಾನು ತಾರೀಖು ಕೇಳಿ ಬರೆದುಕೊಳ್ಳುತ್ತೇನೆ.

ಅದಕ್ಕಿಂತ ನನಗೆ ಇಷ್ಟವಾಗಿದ್ದು 'ಫೋರ್ಟ್‌ನೈಟ್'. ಎರಡು ವಾರ ಅಂತ ಅರ್ಥ. ಹಳೆಯ ಇಂಗ್ಲಿಷಿನ 'ಹದಿನಾಲ್ಕು ರಾತ್ರಿ' ಸವೆದು ಸವೆದು ಹೀಗಾಗಿದೆ. ಒಂದು ವಾರಕ್ಕೂ 'ಸೆನೈಟ್', ಅಂದರೆ ಏಳು ರಾತ್ರಿ, ಅನ್ನುವ ಪದ ಇತ್ತು, ಈಗ ಬಳಕೆಯಲ್ಲಿಲ್ಲ. ನಮ್ಮಮ್ಮ ಒಂದು ವಾರಕ್ಕೆ ಏನು ಹೇಳುತ್ತಾರೆ? 'ಎಂಟು ದಿನ ಬಿಟ್ಟು ಬಾ.' ಎರಡು ವಾರಕ್ಕೆ 'ಹದಿನೈದು ದಿನ'. ಮಂಗಳವಾರದಿಂದ ಮಂಗಳವಾರಕ್ಕೆ ಎರಡೂ ತುದಿಯ ದಿನ ಸೇರಿಸಿ ಎಣಿಸಿ, ಎಂಟಾಗುತ್ತದೆ. ನಡುವಿನ ರಾತ್ರಿ ಎಣಿಸಿದರೆ ಏಳು. ಇವರು ರಾತ್ರಿ ಎಣಿಸಿದರು, ನಾವು ಹಗಲು ಎಣಿಸಿದೆವು. ವಾರ ಮಾತ್ರ ಅದೇ ವಾರ. ಇದು ಹೊಳೆದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳದೆ ಇರಲಾಗಲಿಲ್ಲ.

ಸ್ಕಾಟ್ಲೆಂಡಿನದೇ ಇನ್ನೊಂದಿದೆ, 'ಬ್ಯಾಕ್ ಆಫ್ ಸಿಕ್ಸ್'. ಕೇಳಿದರೆ ಆರಕ್ಕೆ ಮುಂಚೆ ಅನ್ನಿಸುತ್ತದೆ, ಅಲ್ವಾ? ಅಲ್ಲ. ಆರು ದಾಟಿ ಸ್ವಲ್ಪ ಹೊತ್ತಿಗೆ. ನಲ್ಲಿ ರಿಪೇರಿಯವರು 'ಬ್ಯಾಕ್ ಆಫ್ ಎಯ್ಟ್' ಅಂದರೆ ಎಂಟಕ್ಕೆ ಮುಂಚೆಯೇ ಬಾಗಿಲ ಬಳಿ ನಿಲ್ಲಬೇಕಾಗಿಲ್ಲ. ಹಾಗೇ 'ಎ ಗುಡ್ ಅವರ್' ಕಾದೆ ಅಂದರೆ ಕಾದಿದ್ದು ಚೆನ್ನಾಗಿತ್ತು ಅಂತ ಅಲ್ಲ. ಬರೋಬ್ಬರಿ ಒಂದು ಗಂಟೆ, ಕಡಿಮೆಯಂತೂ ಅಲ್ಲ. 'ದಿ ಅದರ್ ಡೇ' ಮಾತ್ರ ಮೊದಲ ದಿನದಿಂದಲೂ ಅರ್ಥವಾಯಿತು. ನಾವು 'ಮೊನ್ನೆ' ಅನ್ನುವುದಿಲ್ಲವೇ, ಹತ್ತು ದಿನ ಹಿಂದಿನದಕ್ಕೂ?

ಮೊನ್ನೆ, ನಾಡಿದ್ದು. ಇಲ್ಲಿ ನನಗೆ ತುಂಬಾ ಕೊರತೆ ಕಾಣುವುದು ಇವೆರಡರದೇ. 'ದಿ ಡೇ ಆಫ್ಟರ್ ಟುಮಾರೋ' ಅಂತ ನಾಲ್ಕು ಪದ ಹೇಳಬೇಕು. 16ನೇ ಶತಮಾನದ ಇಂಗ್ಲಿಷಿನಲ್ಲಿ 'ಓವರ್‌ಮಾರೋ' ಅಂತ ಒಂದು ಪದ ಇತ್ತು. ಯಾಕೆ ಬಿಟ್ಟರೋ, ಅಷ್ಟು ಚೆಂದದ ಪದವನ್ನು.

ಮಗಳು ಹುಟ್ಟಿದ್ದು ಇಲ್ಲೇ. ಅವಳು ಇವರ ಬಾಲವನ್ನೂ ನಮ್ಮ ಅಂಕಿಗೆ ಅಂಟಿಸುತ್ತಾಳೆ. 'ಅಮ್ಮಾ, ಆರೂವರೆ‌ಇಷ್ ಬರ್ತೀನಿ' ಎನ್ನುತ್ತಾಳೆ, ಆರೂವರೆ ಸುಮಾರಿಗೆ ಅಂತ. ನಾನು ತಿದ್ದುವುದಿಲ್ಲ. ಹಾಗೇ ಒಂದು ಬುಧವಾರ ಕೆಳಗಿನ ಅಜ್ಜಿಗೆ 'ಸೀ ಯೂ ನಾಡಿದ್ದು' ಎಂದುಬಿಟ್ಟಳು. ಅಜ್ಜಿ ನಿಂತು, ಅದೇನು ಮಗು ಅಂತ ಕೇಳಿದರು. ಇವಳು ಬೆರಳು ಮಡಚಿ ಇವತ್ತು, ನಾಳೆ, ನಾಡಿದ್ದು ಅಂತ ಹೇಳಿಕೊಟ್ಟಳು. ಅಜ್ಜಿ ಎರಡು ಸಲ ಹೇಳಿ ನೋಡಿದರು.

ಈಗಲೂ ಬುಧವಾರ ಮೆಟ್ಟಿಲ ಹತ್ತಿರ ಸಿಕ್ಕರೆ ಅವರು ಊಟಕ್ಕೆ ಕರೆಯುವುದು ಹೀಗೆ: 'ನಾಡಿಡೂ? ಹಾಫ್ ಸೆವೆನ್?'

ಹೂಂ, ಏಳೂವರೆಗೆ ಬರುತ್ತೇವೆ ಎನ್ನುತ್ತೇನೆ.