ಕರ್ನಲ್ ಲೋಡ್ ಮಾಡೋದು ಅಂದ್ರೆ ಕಾಪಿ ಮಾಡೋದು ತಾನೇ?

ಕಂಪ್ಯೂಟರ್ ಆನ್ ಆದಾಗ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲನ್ನು ಮೆಮೊರಿಗೆ ತಂದು ಶುರು ಮಾಡುವ ಪ್ರೋಗ್ರಾಂ ಬೂಟ್‌ಲೋಡರ್. ಅದರ ಕೆಲಸ ಮಾಡುತ್ತೇನೆ ಅಂದ ಕೂಡಲೇ ಇದೇ ಪ್ರಶ್ನೆ: "ಡಿಸ್ಕ್‌ನಲ್ಲಿರೋ ಕರ್ನಲ್ ಫೈಲನ್ನ ಮೆಮೊರಿಗೆ ಕಾಪಿ ಮಾಡೋದು ತಾನೇ? ಅದಕ್ಕೆ ಅಷ್ಟೊಂದು ಒದ್ದಾಟ ಯಾಕೆ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕಾಪಿ ಮಾಡೋದು ಯಾರು? ಕಾಲೇಜೊಂದರಲ್ಲಿ ಒಬ್ಬ ಹುಡುಗನಿಗೆ ಹೀಗೇ ತಿರುಗಿ ಕೇಳಿದೆ. "ಆಪರೇಟಿಂಗ್ ಸಿಸ್ಟಮ್ ಸರ್" ಅಂದ. ಅದಿನ್ನೂ ಡಿಸ್ಕ್‌ನಲ್ಲೇ ಬಿದ್ದಿದೆಯಲ್ಲ ಮಾರಾಯ! ಹಳೇ ಪಿಸಿಯಲ್ಲಿ ಆನ್ ಆದ ಕೂಡಲೇ ಓಡುವುದು ಬಯಾಸ್, ಬೋರ್ಡ್‌ನ ಚಿಪ್‌ನಲ್ಲೇ ಇರುವ ಪ್ರೋಗ್ರಾಂ. ಅದಕ್ಕೆ ಫೈಲ್ ಅಂದರೇನು ಅಂತಲೇ ಗೊತ್ತಿಲ್ಲ. ಡಿಸ್ಕ್‌ನ ಮೊದಲ 512 ಬೈಟ್ ಓದಿ, ಮೆಮೊರಿಯಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) 7ಸಿ00 ವಿಳಾಸದಲ್ಲಿಟ್ಟು, ಅಲ್ಲಿಗೆ ಜಿಗಿಯುತ್ತದೆ. ಅಲ್ಲಿಗೆ ಅದರ ಋಣ ತೀರಿತು. ಆ 512ರಲ್ಲಿ 64 ಬೈಟ್ ಪಾರ್ಟಿಷನ್ ಟೇಬಲ್‌ಗೆ, ಅಂದರೆ ಡಿಸ್ಕ್‌ನ ಭಾಗಗಳ ಪಟ್ಟಿಗೆ; ಕೊನೆಯ 2 ಬೈಟ್ ಇದು ಬೂಟ್ ಆಗುವ ಡಿಸ್ಕ್ ಅನ್ನೋ ಗುರುತಿಗೆ. ಉಳಿದ 446 ಬೈಟ್‌ನಲ್ಲಿ ಮುಂದಿನ ಕೋಡನ್ನು ಹುಡುಕಿ ತರಬೇಕು.

"ಹೇಗೆ ಕಾಪಿ ಮಾಡ್ತೀರಿ" ಅನ್ನೋದಕ್ಕಿಂತ "ಎಲ್ಲಿ ಇಡ್ತೀರಿ" ಅಂತ ಕೇಳಿ. ಅದನ್ನು ಯಾರೂ ಕೇಳಲ್ಲ.

ಲಿನಕ್ಸ್‌ನ ಬಿಜ಼ಡ್‌ಇಮೇಜ್ (ಕುಗ್ಗಿಸಿ ಕಟ್ಟಿದ) ಕರ್ನಲ್ ಕೂರುವುದು ಮೆಮೊರಿಯ 1 ಎಂಬಿ ಗಡಿಯ ಮೇಲೆ. ಬಯಾಸ್ ಡಿಸ್ಕ್ ಓದಿ ತುಂಬುವುದು ಆ ಗಡಿಯ ಕೆಳಗೆ. ಅಲ್ಲೂ 640 ಕೆಬಿ ದಾಟಿದರೆ ವಿಡಿಯೊ ಮೆಮೊರಿ, ಬಯಾಸ್ ಕೂತಿರುವ ಚಿಪ್‌ನ (ROM) ಜಾಗ. ಹಾಗಾಗಿ ಕೆಳಗೆ ಒಂದೊಂದೇ ತುಂಡು ಓದಿಸಿಕೊಂಡು ಮೇಲಕ್ಕೆ ಸಾಗಿಸಬೇಕು. ಅದಕ್ಕೂ ಮೊದಲು 1 ಎಂಬಿ ಮೇಲಿನ ಜಾಗ ಮುಟ್ಟೋಕೆ ಬೇಕಾದ, ಎ20 ಅನ್ನೋ ವಿಳಾಸದ ತಂತಿ ತೆರೆದಿರಬೇಕು. ಇಂಟೆಲ್‌ನ ಹಳೇ 8086 ಪ್ರೊಸೆಸರ್‌ನಲ್ಲಿ 1 ಎಂಬಿ ದಾಟಿದ ವಿಳಾಸ ಸುತ್ತಿ ಸೊನ್ನೆಗೆ ಬರುತ್ತಿತ್ತು. ಅದನ್ನೇ ನಂಬಿದ್ದ ಹಳೇ ಪ್ರೋಗ್ರಾಂಗಳು ಕೆಡಬಾರದು ಅಂತ 1984ರ ಐಬಿಎಂ ಪಿಸಿ ಎಟಿಯಲ್ಲಿ ಆ ತಂತಿಗೆ ಬಾಗಿಲು ಹಾಕಿ, ಕೀಲಿಯನ್ನು ಕೀಬೋರ್ಡ್ ಕಂಟ್ರೋಲರ್ ಕೈಗೆ ಕೊಟ್ಟರು. ಹೌದು, ಕೀಬೋರ್ಡ್ ಕಂಟ್ರೋಲರ್! ಬಾಗಿಲು ಮುಚ್ಚಿದ್ದಾಗ 1 ಎಂಬಿಯಲ್ಲಿ ಬರೆದದ್ದು ಸೊನ್ನೆಯಲ್ಲಿ ಹೋಗಿ ಬೀಳುತ್ತದೆ. ಅಲ್ಲಿರುವುದು ಬಯಾಸ್‌ನ ಇಂಟರಪ್ಟ್ ಟೇಬಲ್, ಅಂದರೆ ಅದರ ಯಾವ ಕೆಲಸದ ಕೋಡ್ ಎಲ್ಲಿದೆ ಅಂತ ಹೇಳುವ ಪಟ್ಟಿ. ಅದು ಅಳಿಸಿತೋ, ಮುಂದಿನ ತುಂಡು ಓದಿಕೊಡೋಕೆ ಯಾರೂ ಇರಲ್ಲ. ಪರದೆ ಕಪ್ಪಗೆ, ಎರರ್ ಕೂಡ ಇಲ್ಲ.

"ಈಗ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆಯಲ್ಲ" ಅಂತೀರಿ. ಬಂದಿದೆ, ಫ್ಯಾಟ್ ಪದ್ಧತಿಯಲ್ಲಿ ಫೈಲುಗಳನ್ನು ಜೋಡಿಸಿಟ್ಟ ಪಾರ್ಟಿಷನ್‌ನಿಂದ ಫೈಲನ್ನೇ ಓದುತ್ತದೆ, ಜೀವನ ಸುಮಾರು ಹಗುರಾಗಿದೆ. ಆದರೂ ಯಾವ ಜಾಗ ಖಾಲಿ ಅಂತ ಅದನ್ನೇ ಕೇಳಬೇಕು. ಕೊನೆಗೆ ಯುಇಎಫ್‌ಐನಿಂದ ಪೂರ್ತಿ ಕಳಚಿಕೊಳ್ಳುವಾಗ, ಅದು ಕೊಟ್ಟಿದ್ದ ಮೆಮೊರಿ ಪಟ್ಟಿ ಬದಲಾಗಿದ್ದರೆ ಅದು ಬಿಡೋದೇ ಇಲ್ಲ. ಪಟ್ಟಿಯನ್ನು ಮತ್ತೆ ತರಿಸಿಕೊಂಡು, ಬಿಡು ಅಂತ ಮತ್ತೆ ಕೇಳಬೇಕು.