ದೊರೆ ಚಾರ್ಲ್ಸ್ ಮತ್ತು ಪಾರ್ಲಿಮೆಂಟ್ ಜಗಳದ ಜಾಡು: ಲ್ಯಾಂಬೆತ್‌ನಿಂದ ಬರ್ಫರ್ಡ್‌ವರೆಗೆ

ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಕಾಳಗದ ಜಾಗಗಳನ್ನು ನೋಡಲು ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಲಂಡನ್ನಿನಲ್ಲಿ ದೊರೆಯ ತಲೆ ಕಡಿದ ಜಾಗ ತೋರಿಸುತ್ತೇವೆ ಎಂದು ಕರೆಯುವ ಕಾಲ್ನಡಿಗೆ ಪ್ರವಾಸಕ್ಕೆ ದುಡ್ಡು ಕಟ್ಟಬೇಡಿ. ನಮ್ಮಿಂದ ತಲೆಗೆ 22 ಪೌಂಡ್ ತೆಗೆದುಕೊಂಡಾತ ಎರಡು ತಾಸು ಕೊಡಲಿ, ರಕ್ತ, ಚಳಿಗೆ ನಡುಗಬಾರದೆಂದು ದೊರೆ ತೊಟ್ಟ ಎರಡು ಅಂಗಿ ಇಷ್ಟರಲ್ಲೇ ಮುಗಿಸಿದ. ಜಗಳ ಯಾಕೆ ಹುಟ್ಟಿತು ಎಂದು ಕೇಳಿದರೆ ‘ತೆರಿಗೆಗಾಗಿ’ ಎಂದು ಮುಂದೆ ನಡೆದ. ತೆರಿಗೆ ಸುಳ್ಳಲ್ಲ. ಆದರೆ 1629ರ ಮಾರ್ಚ್‌ನಲ್ಲಿ ಸ್ಪೀಕರ್ ಎದ್ದು ಹೋಗದಂತೆ ಕುರ್ಚಿಯಲ್ಲೇ ಅದುಮಿ ಹಿಡಿದು ಸದಸ್ಯರು ಕೂಗಿ ಒಪ್ಪಿಸಿದ ಮೂರು ನಿರ್ಣಯಗಳಲ್ಲಿ ಮೊದಲನೆಯದೇ ಧರ್ಮದ್ದು, ಸುಂಕದ ಮಾತು ಆಮೇಲಿನದು. ಅಲ್ಲಿಂದ ಹನ್ನೊಂದು ವರ್ಷ ಚಾರ್ಲ್ಸ್ ಪಾರ್ಲಿಮೆಂಟನ್ನೇ ಕರೆಯಲಿಲ್ಲ.

ಕನ್ನಡಿಗರಿಗೆ ಶುರು ಮಾಡಲು ಲ್ಯಾಂಬೆತ್‌ಗಿಂತ ಒಳ್ಳೆಯ ಜಾಗವಿಲ್ಲ. 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆ ನೋಡಲು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೇಗೂ ಹೋಗುತ್ತೀರಿ. ಬಂದವರೆಲ್ಲ ಫೋಟೊ ತೆಗೆದು, ಹೊಳೆಯಾಚೆಯ ಪಾರ್ಲಿಮೆಂಟ್ ನೋಡಿ ಟ್ಯಾಕ್ಸಿ ಹತ್ತುತ್ತಾರೆ. ನೀವು ಹತ್ತಬೇಡಿ. ಅದೇ ದಡದಲ್ಲಿ ಲ್ಯಾಂಬೆತ್ ಸೇತುವೆಯ ಆಚೆ ಬದಿಗೆ ಸ್ವಲ್ಪ ನಡೆದರೆ ಕೆಂಪು ಇಟ್ಟಿಗೆಯ ಹೆಬ್ಬಾಗಿಲು ಸಿಗುತ್ತದೆ. ಅದು ಇಂಗ್ಲೆಂಡ್ ಚರ್ಚಿನ ಹಿರಿಯ ಗುರುವಾದ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಲ್ಯಾಂಬೆತ್ ಅರಮನೆ. 1633ರಲ್ಲಿ ಆ ಪಟ್ಟಕ್ಕೆ ಬಂದವನು ವಿಲಿಯಂ ಲಾಡ್. ಚರ್ಚಿನಲ್ಲಿ ಜನರ ಮಧ್ಯಕ್ಕೆ ತಂದು ಇಟ್ಟುಕೊಳ್ಳುತ್ತಿದ್ದ ಪ್ರಭುಭೋಜನದ (ಯೇಸುವಿನ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ) ಮೇಜನ್ನು ಪೂರ್ವದ ಗೋಡೆಗೆ ಸರಿಸಿ, ಮುಂದೆ ಕಟಕಟೆ ಹಾಕಿ ಎಂದು ಹಟ ಹಿಡಿದವನು ಇವನೇ. ಗರ್ಭಗುಡಿಯ ಹೊಸ್ತಿಲು ಯಾರು ದಾಟಬಹುದು ಎಂಬ ಜಗಳ ಗೊತ್ತಿರುವ ನಮಗೆ ಆ ಕಟಕಟೆಯ ತೂಕ ಬಿಡಿಸಿ ಹೇಳಬೇಕಿಲ್ಲ. ಚರ್ಚಿನಲ್ಲಿ ಆಡಂಬರ, ವಿಗ್ರಹ ಬೇಡವೆನ್ನುತ್ತಿದ್ದ ಪ್ಯೂರಿಟನ್ನರಿಗೆ ಅದು ಪೋಪನ ಕಡೆಗೆ ಇಟ್ಟ ಹೆಜ್ಜೆಯಾಗಿ ಕಂಡಿತು. ರಾಣಿ ಹೆನ್ರಿಯೆಟಾ ಮರಿಯಾ ಕ್ಯಾಥೊಲಿಕ್ ಆಗಿದ್ದದ್ದು ಅನುಮಾನಕ್ಕೆ ಇನ್ನಷ್ಟು ಬಲ ಕೊಟ್ಟಿತು. 1637ರಲ್ಲಿ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಿದಾಗ ಅಲ್ಲಿಯವರು ತಿರುಗಿಬಿದ್ದರು. ಅವರನ್ನು ಬಗ್ಗುಬಡಿಯಲು ಬೊಕ್ಕಸದಲ್ಲಿ ಕಾಸಿಲ್ಲದೆ 1640ರಲ್ಲಿ ದೊರೆ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ಆ ವರ್ಷದ ಮೇ ತಿಂಗಳ ಒಂದು ರಾತ್ರಿ ನೂರಾರು ಜನ ಈ ಅರಮನೆಗೆ ಮುತ್ತಿಗೆ ಹಾಕಿದರು. ಲಾಡ್ ಅಷ್ಟರಲ್ಲಿ ಹೊಳೆ ದಾಟಿ ತಪ್ಪಿಸಿಕೊಂಡಿದ್ದ. 1645ರಲ್ಲಿ ಅವನ ತಲೆಯೂ ಹೋಯಿತು. ಬಸವಣ್ಣನವರ ಎದುರು ಹತ್ತು ನಿಮಿಷ ಕೂತು ಇಲ್ಲಿಗೆ ಬನ್ನಿ, ಟಿಕೆಟ್ ಇಲ್ಲದೆಯೇ ಮನಸ್ಸು ತುಂಬುತ್ತದೆ.

ಪಾರ್ಲಿಮೆಂಟ್ ಒಳಗೆ ಹೋಗಲು ದುಬಾರಿ ಟೂರ್ ಬೇಕಿಲ್ಲ. ಸದನ ನಡೆಯುವ ದಿನ ಕಾಮನ್ಸ್ (ಕೆಳಮನೆ) ಗ್ಯಾಲರಿಗೆ ಯಾವ ದೇಶದವರೂ ಪುಕ್ಕಟೆ ಹೋಗಬಹುದು, ಹೋಗುವ ದಾರಿಯೇ ವೆಸ್ಟ್‌ಮಿನ್‌ಸ್ಟರ್ ಹಾಲ್. 1649ರ ಜನವರಿಯಲ್ಲಿ ಚಾರ್ಲ್ಸ್ ವಿಚಾರಣೆಗೆ ಕೂತ ಜಾಗಕ್ಕೆ ಅಲ್ಲಿ ಫಲಕವಿದೆ. ಮುಂದಿನದು ಸೇಂಟ್ ಸ್ಟೀಫನ್ಸ್ ಹಾಲ್. ಕಾಮನ್ಸ್ ಸಭೆ ಹಿಂದೆ ಸೇರುತ್ತಿದ್ದದ್ದು ಇದೇ ಜಾಗದಲ್ಲಿ. 1642ರ ಜನವರಿ 4ರಂದು ಐವರು ಸದಸ್ಯರನ್ನು ಹಿಡಿಯಲು ದೊರೆ ಸಿಪಾಯಿಗಳ ಜೊತೆ ಬಂದದ್ದೂ ಇಲ್ಲಿಗೇ. ಅವರು ಮೊದಲೇ ಜಾಗ ಖಾಲಿ ಮಾಡಿದ್ದರು. ಐವರಲ್ಲಿ ಒಬ್ಬನಾದ ಜಾನ್ ಹ್ಯಾಂಪ್ಡನ್‌ನ ಪ್ರತಿಮೆ ಇಲ್ಲಿದೆ. ಬುಧವಾರ ಮಾತ್ರ ಬೇಡ, ಪ್ರಧಾನಿಯ ಪ್ರಶ್ನೋತ್ತರಕ್ಕೆ ಜನ ಕಿಕ್ಕಿರಿಯುತ್ತಾರೆ. ಹೊರಗೆ ಬಂದಾಗ ಪಾರ್ಲಿಮೆಂಟ್ ಸೈನ್ಯದ ದಂಡನಾಯಕ ಕ್ರಾಮ್‌ವೆಲ್ ಪ್ರತಿಮೆ ನೋಡಿ, ಹಾಗೇ ರಸ್ತೆಯಾಚೆ ಸೇಂಟ್ ಮಾರ್ಗರೆಟ್ಸ್ ಚರ್ಚಿನ ಗೋಡೆಗೆ ಕಣ್ಣು ಹಾಯಿಸಿ: ಬಾಗಿಲ ಮೇಲೆ ಚಾರ್ಲ್ಸ್‌ನ ಪುಟ್ಟ ತಲೆ ಕ್ರಾಮ್‌ವೆಲ್ ಕಡೆಗೇ ಮುಖ ಮಾಡಿಕೊಂಡಿದೆ. ದೊರೆಯನ್ನು ಕೊಂದದ್ದು ಬ್ಯಾಂಕ್ವೆಟಿಂಗ್ ಹೌಸ್ ಮುಂದೆ. ಆ ಕಟ್ಟಡ ಬಹಳ ದಿನ ಮುಚ್ಚಿಯೇ ಇರುತ್ತದೆ, ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

ಕಾಳಗ ನಡೆದ 1642ರಿಂದ 1646ರವರೆಗೆ ದೊರೆಯ ರಾಜಧಾನಿ ಆಕ್ಸ್‌ಫರ್ಡ್. ಇಲ್ಲಿ ಉಳಿಯಬೇಡಿ, ಲಂಡನ್ನಿನಿಂದ ಬೆಳಗ್ಗೆ ಬಂದು ಸಂಜೆ ವಾಪಸಾಗಿ. ನಮಗೆ 148 ಪೌಂಡಿಗೆ ಸಿಕ್ಕದ್ದು ನೆಲಮಾಳಿಗೆಯ ಕೋಣೆ. ಕಿಟಕಿ ತೆರೆದರೆ ಕಸದ ಡಬ್ಬಿಗಳ ಸಾಲು, ಗೋಡೆಯ ತೇವ ಹಾಸಿಗೆಗೂ ಹತ್ತಿತ್ತು. ಬೇರೆ ಕೋಣೆ ಕೇಳಿದರೆ ಇನ್ನೂ 40 ಪೌಂಡ್ ಎಂದರು.

ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲೇ ಚಾರ್ಲ್ಸ್ ಇದ್ದದ್ದು, 1644ರಲ್ಲಿ ತನ್ನದೇ ಪಾರ್ಲಿಮೆಂಟ್ ಸೇರಿಸಿದ್ದೂ ಅಲ್ಲೇ. ಆದರೂ ಬಿಟ್ಟುಬಿಡಿ ಎನ್ನುತ್ತೇನೆ. ಹ್ಯಾರಿ ಪಾಟರ್ ಸಿನಿಮಾದ ನೆನಪಿನಲ್ಲಿ ಬಂದವರ ಸಾಲು ಮುಗಿಯುವುದೇ ಇಲ್ಲ, ಜನಜಂಗುಳಿ ನಮಗೆ ಆಗದು. ಅದರ ಬದಲು ಹೈ ಸ್ಟ್ರೀಟಿನ ಸೇಂಟ್ ಮೇರಿ ಚರ್ಚಿನ ದಕ್ಷಿಣ ಬಾಗಿಲ ಮುಂದೆ ನಿಲ್ಲಿ. ತಿರುಚಿದ ಕಂಬಗಳು, ಮೇಲೆ ಮಗುವನ್ನೆತ್ತಿಕೊಂಡ ಮೇರಿಯ ಮೂರ್ತಿ. ಅದನ್ನು 1637ರಲ್ಲಿ ಕಟ್ಟಿಸಿದವನು ಲಾಡ್‌ನ ಆಪ್ತ ಪಾದ್ರಿ. ವಿಗ್ರಹ ಕಂಡರಾಗದ ಪಾರ್ಲಿಮೆಂಟ್ ಸಿಪಾಯಿಗಳು 1642ರಲ್ಲಿ ಇದಕ್ಕೆ ಗುಂಡು ಹೊಡೆದರು, ಲಾಡ್‌ನ ವಿಚಾರಣೆಯಲ್ಲಿ ಈ ಮೂರ್ತಿಯೇ ಅವನ ವಿರುದ್ಧ ಸಾಕ್ಷಿಯಾಯಿತು. ಲಂಡನ್ನಿನಲ್ಲಿ ದುಡ್ಡು ಕೊಟ್ಟರೂ ಸಿಗದ ಉತ್ತರ ಇಲ್ಲಿ ರಸ್ತೆ ಬದಿಯಲ್ಲೇ ಇದೆ. ಜನ ಗೋಪುರ ಹತ್ತುವ ಆತುರದಲ್ಲಿ ಇದನ್ನು ಗಮನಿಸುವುದೇ ಇಲ್ಲ.

ಊಟಕ್ಕೆ ಗ್ಲೌಸ್ಟರ್ ಗ್ರೀನ್ ಸಂತೆಗೆ ಹೋಗಿ. ಕೋಚ್ ನಿಲ್ದಾಣದ ಪಕ್ಕದಲ್ಲೇ ಇದೆ, ವಾರದ ಮಧ್ಯದಿಂದ ಶನಿವಾರದವರೆಗೆ ಸೇರುತ್ತದೆ. ಮೂಲೆಯ ಡೇರೆಯೊಂದರಲ್ಲಿ ಒಬ್ಬ ಅಜ್ಜಿ ಅನ್ನ, ಕಡಲೆಕಾಳಿನ ಗೊಜ್ಜು, ಹುರಿದ ಬದನೆಕಾಯಿ, ಮೇಲೊಂದು ಸೌಟು ಮೊಸರು ಹಾಕಿ ಏಳೂವರೆ ಪೌಂಡಿಗೆ ಕೊಟ್ಟಳು. ಗೊಜ್ಜಿಗೆ ಹುಳಿ ಸರಿಯಾಗಿ ಬಿದ್ದಿತ್ತು, ಅನ್ನ ಬಿಸಿಯಿತ್ತು, ಕೇಳಿದರೆ ಇನ್ನೊಂದು ಸೌಟು ಬೇಸರವಿಲ್ಲದೆ ಬಡಿಸಿದಳು. ಒಂದು ತಟ್ಟೆ ಇಬ್ಬರಿಗೆ ಸಾಕು. ಮೊಟ್ಟೆ, ಮಾಂಸ ಮುಟ್ಟದ ಸೌಟು ಬೇರೆಯೇ ಇಟ್ಟಿದ್ದಳು, ನಮ್ಮ ಮನೆಯ ಹಿರಿಯರು ನೆಮ್ಮದಿಯಾಗಿ ಉಂಡರು. ಮಧ್ಯಾಹ್ನ ಒಂದಕ್ಕೆ ಮುಂಚೆ ಹೋಗಿ, ಆಮೇಲೆ ಬದನೆಕಾಯಿ ಉಳಿಯುವುದಿಲ್ಲ.

ಬರ್ಫರ್ಡ್‌ಗೆ ಆಕ್ಸ್‌ಫರ್ಡ್‌ನಿಂದ ಬಸ್ಸಿದೆ. ಭಾನುವಾರ ಮಾತ್ರ ಹೋಗಬೇಡಿ. ಬರಬೇಕಾದ ಬಸ್ಸು ಬರಲೇ ಇಲ್ಲ, ಮುಂದಿನದು ಒಂದೂವರೆ ತಾಸು ತಡ. ಇಳಿಸಿದ್ದು ಊರ ನೆತ್ತಿಯ ಹೆದ್ದಾರಿಯಲ್ಲಿ, ಮಳೆಯಲ್ಲಿ ಇಳಿಜಾರು ಬೀದಿಯ ತುದಿಯವರೆಗೂ ನಡೆದೆವು. ಆದರೂ ಹೋಗಲೇಬೇಕಾದ ಊರು. ದೊರೆ ಸತ್ತ ಕೆಲವೇ ತಿಂಗಳಲ್ಲಿ, ಬಾಕಿ ಸಂಬಳ, ಮತದಾನದ ಹಕ್ಕು, ಧರ್ಮದ ಸ್ವಾತಂತ್ರ್ಯ ಕೇಳಿದ ತನ್ನದೇ ಸೈನ್ಯದ ಲೆವೆಲ್ಲರ್ (ಎಲ್ಲರೂ ಸಮಾನರು ಎನ್ನುತ್ತಿದ್ದ ಗುಂಪು) ಸಿಪಾಯಿಗಳನ್ನು ಕ್ರಾಮ್‌ವೆಲ್ ಇಲ್ಲಿನ ಚರ್ಚಿನಲ್ಲಿ ಕೂಡಿಹಾಕಿದ. 1649ರ ಮೇ 17ರಂದು ಮೂವರನ್ನು ಅಂಗಳದಲ್ಲಿ ಗುಂಡಿಟ್ಟು ಕೊಂದರು, ಉಳಿದವರು ನೋಡಬೇಕಾಯಿತು. ಆಂಟನಿ ಸೆಡ್ಲಿ ಎಂಬ ಕೈದಿ ದೀಕ್ಷಾಸ್ನಾನದ ತೊಟ್ಟಿಯ ಸೀಸದ ಮೇಲೆ ತನ್ನ ಹೆಸರು, ವರ್ಷ ಕೆತ್ತಿದ್ದಾನೆ. ಅಲ್ಲಿ ಬೆಳಕು ಕಡಿಮೆ, ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿದರೆ ಅಕ್ಷರ ಓದಲು ಬರುತ್ತವೆ. ದೊರೆಯ ವಿರುದ್ಧ ಗೆದ್ದವರೂ ಪ್ರಶ್ನೆ ಕೇಳಿದವರನ್ನು ಸಹಿಸಲಿಲ್ಲ ಎಂಬ ದುಃಖ ನನಗೆ ಹಿಡಿದದ್ದು ಇಲ್ಲಿ.

1645ರಲ್ಲಿ ದೊರೆಯ ಸೈನ್ಯ ಮುರಿದ ನೇಸ್ಬಿ ಬಯಲು ಕಾರಿದ್ದವರಿಗೆ ಮಾತ್ರ. ವಯಸ್ಸಾದವರು ಜೊತೆಗಿದ್ದರೆ ಅದನ್ನು ಕೈಬಿಟ್ಟು ಆ ದಿನವನ್ನು ಬರ್ಫರ್ಡ್‌ಗೆ ಕೊಡಿ. ಶನಿವಾರ ಬೆಳಗಿನ ಬಸ್ಸಿಗೆ ಹೋಗಿ, ಇಳಿದ ಕೂಡಲೇ ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನು ಚಾಲಕನನ್ನೇ ಕೇಳಿಕೊಳ್ಳಿ.