ಮೊದಲು ಸ್ತುತಿ, ಆಮೇಲೆ ಬೇಡಿಕೆ

ಕಥೋಲಿಕ ಸಭೆಯ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಬೇಡಿಕೆಗಳ ಸರದಿ ಬರುವುದು ಕೊನೆಕೊನೆಗೆ. ಮೊದಲು ಸ್ತುತಿಗೀತೆ, ಬೈಬಲಿನ ಎರಡು ಕೀರ್ತನೆ, ಅವುಗಳ ನಡುವೆ ಹಳೆಯ ಒಡಂಬಡಿಕೆಯ ಒಂದು ಗೀತೆ. ಈ ಪ್ರಾರ್ಥನೆಯ ನಾಲ್ಕು ವಾರಗಳ ಸರದಿಯಲ್ಲಿ ಮೊದಲ ವಾರದ ಭಾನುವಾರ ಆ ಗೀತೆ ದಾನಿಯೇಲನ ಗ್ರಂಥದ್ದು. ಬೆಂಕಿಯ ಕುಲುಮೆಯಲ್ಲಿ ನಿಂತ ಮೂವರು ಯುವಕರು ಸೂರ್ಯ, ಮಳೆ, ಇಬ್ಬನಿ, ಹಿಮ, ಸಮುದ್ರದ ತಿಮಿಂಗಿಲ ಎಲ್ಲವನ್ನೂ ಹೆಸರು ಹಿಡಿದು ಸ್ತುತಿಗೆ ಕರೆಯುತ್ತಾರೆ. ಸುಡುವ ಬೆಂಕಿಯನ್ನೂ ಬಿಡುವುದಿಲ್ಲ! ಎಷ್ಟು ಸಲ ಓದಿದರೂ ಆ ಸಾಲಿಗೆ ಮೈ ಜುಮ್ಮೆನ್ನುತ್ತದೆ.

ಗಡಿಬಿಡಿಯಲ್ಲಿ ಓದಿದರೆ ಇದು ಬರೀ ಹೆಸರುಗಳ ಪಟ್ಟಿ. ಬಾಯಿಬಿಟ್ಟು ಓದಿ, ಪ್ರತಿ ವಚನದ ನಡುವೆ ಒಂದು ಉಸಿರಿನಷ್ಟು ತಡೆಯಿರಿ. ಕೀರ್ತನೆಗಳ ನಂತರ ಬರುವ, ಸ್ನಾನಿಕ ಯೋಹಾನನ ತಂದೆ ಜಕರೀಯನ ಗೀತೆಗೆ (ಲೂಕ 1:68-79) ಎದ್ದು ನಿಲ್ಲಿ. ಮೇಲಿನಿಂದ ಬರುವ ಅರುಣೋದಯದ ಮಾತು ಅಲ್ಲೇ ಇದೆ. ಸಮಯವೇ ಇಲ್ಲವೆಂದರೆ 148ನೇ ಕೀರ್ತನೆಯೊಂದೇ ಸಾಕು, 14 ವಚನ.